ಪ್ರತಿಕ್ರಿಯೆ: ನಮೂನೆ ಒಂದೇ ಆದರೂ ಸ್ವಭಾವ ಇಣುಕುತ್ತದೆ

ಕಂಪನಿಯ ಸುಸ್ಥಿರತಾ ವರದಿಯಲ್ಲಿ, ಅಂದರೆ ಪರಿಸರ ಮತ್ತು ಸಮಾಜದ ಬಗೆಗಿನ ಅದರ ನಡೆಯ ವರದಿಯಲ್ಲಿ, ಮುಖ್ಯಸ್ಥರ ಸ್ವಭಾವವೂ ಕಾಣುತ್ತದೆ ಎಂಬ ಮಾತಿನ ಬಗ್ಗೆ ನೀವು ಎರಡು ಪ್ರಶ್ನೆ ಎತ್ತಿದ್ದೀರಿ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ಕಂಪನಿಗಳಿಗೆ ಒಂದೇ ಸುಸ್ಥಿರತಾ ವರದಿಯ ನಮೂನೆಯನ್ನು ಕಡ್ಡಾಯಗೊಳಿಸಿರುವಾಗ, ಮುಖ್ಯಸ್ಥರ ಸ್ವಭಾವಕ್ಕೆ ಅಲ್ಲಿ ಎಡೆಯೆಲ್ಲಿದೆ ಎಂದು ಕೇಳಿದ್ದೀರಿ. ಎಡೆ ಸಾಕಷ್ಟಿದೆ. ಆ ನಮೂನೆ ಕೇಳುವ ಸೂಚಕಗಳಲ್ಲಿ, ಅಂದರೆ ಮಾಹಿತಿಯ ಅಂಶಗಳಲ್ಲಿ, ‘ಅಗತ್ಯ’ ಸೂಚಕಗಳಷ್ಟೇ ಕಡ್ಡಾಯ. ಇನ್ನೂ ಹೆಚ್ಚಿನ ಮಾಹಿತಿ ಕೇಳುವ ‘ನಾಯಕತ್ವ’ ಸೂಚಕಗಳು ಐಚ್ಛಿಕವಾದ್ದರಿಂದ, ಅಳುಕಿನ ಸ್ವಭಾವದವರು ಅವನ್ನು ಖಾಲಿ ಬಿಡಬಹುದು, ಮೆಚ್ಚುಗೆ ಬಯಸುವವರು ಪುಟಗಟ್ಟಲೆ ತುಂಬಬಹುದು. ವರದಿಯ ಹೊಣೆ ಹೊತ್ತ ನಿರ್ದೇಶಕರ ಹೇಳಿಕೆಗೂ ಅಲ್ಲಿ ಪ್ರತ್ಯೇಕ ಜಾಗವಿದೆ.

ಮುಖ್ಯಸ್ಥರ ಆತ್ಮಮೋಹವನ್ನು ಅಳೆಯುವುದು ಹೇಗೆಂಬ ನಿಮ್ಮ ಎರಡನೆಯ ಪ್ರಶ್ನೆಗೆ, ನಿರ್ವಹಣಾಶಾಸ್ತ್ರದ ಸಂಶೋಧಕರಾದ ಚಟರ್ಜಿ ಮತ್ತು ಹ್ಯಾಂಬ್ರಿಕ್ 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಬಹುದು. ಕಂಪ್ಯೂಟರ್ ಉದ್ಯಮದ 111 ಸಿಇಒಗಳ ವಿಷಯದಲ್ಲಿ ಅವರು ವಾರ್ಷಿಕ ವರದಿಯಲ್ಲಿ ಮುಖ್ಯಸ್ಥರ ಭಾವಚಿತ್ರಕ್ಕೆ ಸಿಕ್ಕ ಪ್ರಾಮುಖ್ಯವನ್ನೂ ಸಂದರ್ಶನಗಳಲ್ಲಿ ‘ನಾನು’ ಎಂಬ ಪದದ ಬಳಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಭಾವಚಿತ್ರ ಜಾಹೀರಾತು ಸಂಸ್ಥೆಯ ಆಯ್ಕೆಯೂ ಆಗಿರಬಹುದಾದ್ದರಿಂದ, ನಾನಾದರೆ ನಿರ್ದೇಶಕರ ಹೇಳಿಕೆಯನ್ನು ನೀರು, ತ್ಯಾಜ್ಯಗಳ ಕೋಷ್ಟಕದ ಪಕ್ಕದಲ್ಲಿಟ್ಟು, ಮಾತಿಗೂ ಅಂಕಿಗೂ ತಾಳೆಯಿದೆಯೇ ಎಂದು ಓದುತ್ತೇನೆ.