ಹೊಸ ಕೋರ್ಸ್ ಫಲಿಸಿತೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ನಾನು ಬಯಲುಸೀಮೆಯ ಒಂದು ಸ್ವಾಯತ್ತ ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ಕಲಾ ಮತ್ತು ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳಿಗಾಗಿ ‘ಕುಡಿಯುವ ನೀರಿನ ಗುಣಮಟ್ಟ’ ಎಂಬ 3 ಕ್ರೆಡಿಟ್‌ಗಳ ಐಚ್ಛಿಕ ಕೋರ್ಸ್ ರೂಪಿಸಿದ್ದೇನೆ. ಪಠ್ಯಕ್ರಮಕ್ಕೆ ಒಪ್ಪಿಗೆ ಕೊಡುವ ಅಧ್ಯಯನ ಮಂಡಳಿಯ ಸಮ್ಮತಿ ದೊರೆತಿದೆ. ಮುಂದಿನ ಸೆಮಿಸ್ಟರ್‌ನಲ್ಲಿ ನಾನು ಮತ್ತು ಒಬ್ಬ ಅತಿಥಿ ಉಪನ್ಯಾಸಕರು ತಲಾ ಒಂದು ವಿಭಾಗಕ್ಕೆ (ಸೆಕ್ಷನ್‌ಗೆ) ಪಾಠ ಮಾಡಲಿದ್ದೇವೆ. ಕೊನೆಯಲ್ಲಿ ಫೀಡ್‌ಬ್ಯಾಕ್ ಫಾರಂ ತುಂಬಿಸಿಕೊಳ್ಳುವುದು, ಫಲಿತಾಂಶದ ಶೇಕಡಾವಾರು ತೆಗೆಯುವುದು ಬಿಟ್ಟರೆ ಕೋರ್ಸನ್ನು ಮೌಲ್ಯಮಾಪನ ಮಾಡಲು ಬೇರೆ ದಾರಿ ಇದೆಯೇ?

ಉತ್ತರ: ಇದೆ. ಆದರೆ ಆ ಕೆಲಸ ಮೊದಲ ತರಗತಿಗಿಂತ ಮುಂಚೆಯೇ ಶುರುವಾಗಬೇಕು. ಸೆಮಿಸ್ಟರ್ ಮುಗಿದ ಮೇಲೆ ಯೋಚಿಸಿದರೆ ನೀವು ಹೇಳಿದ ಆ ಎರಡು ಕಾಗದಗಳೇ ಕೈಯಲ್ಲಿ ಉಳಿಯುತ್ತವೆ. ಪಾಠ ಮಾಡಿದವರ ಬಗ್ಗೆ ವಿದ್ಯಾರ್ಥಿಗಳಿಗಿರುವ ಅಭಿಮಾನವನ್ನು ಫೀಡ್‌ಬ್ಯಾಕ್ ಫಾರಂ ಹೇಳುತ್ತದೆ, ಅವರು ಎಷ್ಟು ಅಂಕ ಪಡೆದರು ಎಂಬುದನ್ನು ಫಲಿತಾಂಶ ಹೇಳುತ್ತದೆ. ಕೋರ್ಸ್ ಅವರಿಗೆ ಏನು ಕಲಿಸಿತು ಎಂಬುದು ಈ ಎರಡರಿಂದಲೂ ತಿಳಿಯುವುದಿಲ್ಲ.

ಮೊದಲು ಒಂದು ಪ್ರಶ್ನೆಯನ್ನು ಸಿದ್ಧಪಡಿಸಿಕೊಳ್ಳಿ. ಉದಾಹರಣೆಗೆ: ‘ಒಂದು ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 1.3 ಮಿಲಿಗ್ರಾಂ ಫ್ಲೋರೈಡ್ ಇದೆ. ಆ ಮನೆಯವರಿಗೆ ನೀವು ಏನು ಸಲಹೆ ಕೊಡುತ್ತೀರಿ? ಕಾರಣ ಬರೆಯಿರಿ.’ ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಮಾನದಂಡದ ಪ್ರಕಾರ ಫ್ಲೋರೈಡ್‌ನ ಸ್ವೀಕಾರಾರ್ಹ ಮಿತಿ ಲೀಟರಿಗೆ 1.0 ಮಿಲಿಗ್ರಾಂ, ಬೇರೆ ನೀರಿನ ಮೂಲವೇ ಇಲ್ಲದಿದ್ದಾಗ ಮಾತ್ರ 1.5ರವರೆಗೆ ಅನುಮತಿ. ಮಿತಿಯನ್ನು ಬಾಯಿಪಾಠ ಮಾಡಿದವರು ‘1.5ಕ್ಕಿಂತ ಕಡಿಮೆ ಇರುವುದರಿಂದ ಕುಡಿಯಬಹುದು’ ಎಂದು ಬರೆದು ಮುಗಿಸುತ್ತಾರೆ. ನಿಜವಾಗಿ ಕಲಿತವರು ‘ಆ ಮನೆಗೆ ಬೇರೆ ನೀರು ಸಿಗುತ್ತದೆಯೇ?’ ಎಂದು ಕೇಳುತ್ತಾರೆ. ಏನೂ ಕಲಿಯದವರು ‘ಕುದಿಸಿ ಕುಡಿಯಿರಿ’ ಎನ್ನುತ್ತಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಮನೆಗಳಲ್ಲಿ ಈ ಮೂರು ಉತ್ತರಗಳ ನಡುವಿನ ಅಂತರ ಮಕ್ಕಳ ಹಲ್ಲಿನ ಮೇಲೆ, ದೊಡ್ಡವರ ಮೂಳೆಗಳ ಮೇಲೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಇಂಥ ಮೂರ್ನಾಲ್ಕು ಪ್ರಶ್ನೆಗಳನ್ನು ಮೊದಲ ವಾರ ಅಂಕವಿಲ್ಲದೆ ಬರೆಸಿ ಎತ್ತಿಡಿ. ಕೊನೆಯ ವಾರ ಅದೇ ಬಗೆಯ ಪ್ರಶ್ನೆಗಳನ್ನು, ಅಂಕಿಗಳನ್ನು ಬದಲಿಸಿ, ಮತ್ತೆ ಬರೆಸಿ. ಒಬ್ಬೊಬ್ಬ ವಿದ್ಯಾರ್ಥಿಯ ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಕೋರ್ಸ್ ಮಾಡಿದ ಕೆಲಸ ಕಣ್ಣಿಗೆ ಕಾಣುತ್ತದೆ. ಯಾವ ಉತ್ತರಕ್ಕೆ ಎಷ್ಟು ಬೆಲೆ ಎಂಬುದನ್ನು ನೀವೂ ನಿಮ್ಮ ಸಹೋದ್ಯೋಗಿಯೂ ಮೊದಲೇ ಬರೆದಿಟ್ಟುಕೊಂಡು, ಕೆಲವು ಉತ್ತರಗಳನ್ನು ಬೇರೆ ಬೇರೆಯಾಗಿ ತಿದ್ದಿ ಹೋಲಿಸಿ ನೋಡಿ. ಇಬ್ಬರ ಅಳತೆ ಒಂದೇ ಆಗದಿದ್ದರೆ ಎರಡು ವಿಭಾಗಗಳನ್ನು ಹೋಲಿಸಲು ಬರುವುದಿಲ್ಲ.

ಇದಕ್ಕಿಂತಲೂ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವ ಸಂಗತಿಯೆಂದರೆ ನಡೆದದ್ದರ ದಾಖಲೆ. ಅಧ್ಯಯನ ಮಂಡಳಿ ಒಪ್ಪಿದ ಕೋರ್ಸ್ ಒಂದು, ತರಗತಿಯಲ್ಲಿ ನಡೆಯುವ ಕೋರ್ಸ್ ಇನ್ನೊಂದು. 3 ಕ್ರೆಡಿಟ್ ಎಂದರೆ ಕಾಗದದ ಮೇಲೆ 45 ಗಂಟೆ. ಪ್ರವೇಶ ತಡವಾಗುವುದು, ಪರೀಕ್ಷಾ ಕೆಲಸ, ಹಬ್ಬದ ರಜೆ, ಕಾಲೇಜಿನ ಸಮಾರಂಭಗಳು, ಇವೆಲ್ಲ ಕಳೆದು ಕೈಗೆ ಸಿಗುವ ಗಂಟೆಗಳು ಎಷ್ಟೆಂದು ನಿಮಗೆ ಗೊತ್ತೇ ಇದೆ. ಮೊದಲು ಕೈಬಿಟ್ಟು ಹೋಗುವುದು ಸಾಮಾನ್ಯವಾಗಿ ಪ್ರಾಯೋಗಿಕ ಭಾಗವೇ. ಹಾಗಾಗಿ ನಿಮ್ಮ ವರ್ಕ್ ಡೈರಿಯಲ್ಲಿ ‘ಘಟಕ 2 ಮುಗಿಯಿತು’ ಎಂದಷ್ಟೇ ಬರೆಯದೆ, ಅಂದು ವಿದ್ಯಾರ್ಥಿಗಳು ಏನು ಮಾಡಿದರು, ಯಾವುದನ್ನು ಬಿಟ್ಟೆವು, ಏಕೆ ಬಿಟ್ಟೆವು ಎಂಬುದನ್ನು ಎರಡು ಸಾಲಿನಲ್ಲಿ ಬರೆಯಿರಿ. ಅತಿಥಿ ಉಪನ್ಯಾಸಕರಿಂದಲೂ ಬರೆಸಿ. ಗ್ರಾಮ ಪಂಚಾಯಿತಿಗಳಲ್ಲಿ ಜಲ ಜೀವನ್ ಮಿಷನ್ ಅಡಿ ಕೊಟ್ಟಿರುವ ನೀರು ಪರೀಕ್ಷಾ ಕಿಟ್‌ ಬಳಸಿ ವಿದ್ಯಾರ್ಥಿಗಳು ತಮ್ಮೂರಿನ ನೀರನ್ನು ಪರೀಕ್ಷಿಸಬೇಕೆಂದು ನೀವು ಯೋಜಿಸಿ, ಅದು ಒಂದು ವಿಭಾಗದಲ್ಲಿ ನಡೆದು ಇನ್ನೊಂದರಲ್ಲಿ ನಡೆಯಲಿಲ್ಲ ಎಂದುಕೊಳ್ಳಿ. ಎರಡನೆಯ ವಿಭಾಗದವರು ಹಿಂದೆ ಬಿದ್ದರೆ ಅದಕ್ಕೆ ಕೋರ್ಸಿನ ವಿನ್ಯಾಸವನ್ನು ದೂರುವಂತಿಲ್ಲ, ಅತಿಥಿ ಉಪನ್ಯಾಸಕರನ್ನು ದೂರುವುದಂತೂ ಅನ್ಯಾಯ. ಎರಡೂ ವಿಭಾಗಗಳಲ್ಲಿ ನೀರಿನ ಪರೀಕ್ಷೆ ನಡೆದೂ ಉತ್ತರಗಳು ಸುಧಾರಿಸದಿದ್ದರೆ, ಆಗ ವಿನ್ಯಾಸವನ್ನೇ ಬಿಚ್ಚಿ ನೋಡಬೇಕು. ಈ ದಾಖಲೆ ಇಲ್ಲದೆ ಮಾಡುವ ಮೌಲ್ಯಮಾಪನ ತಪ್ಪು ಜಾಗಕ್ಕೆ ಮದ್ದು ಹಚ್ಚುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪಠ್ಯಕ್ರಮವನ್ನು ರೂಪುಗೊಳ್ಳುತ್ತಿರುವಾಗಲೇ ತಿದ್ದಲು ಮಾಡುವ ಮೌಲ್ಯಮಾಪನವನ್ನೂ ಮುಗಿದ ಮೇಲೆ ತೀರ್ಪು ಕೊಡಲು ಮಾಡುವ ಮೌಲ್ಯಮಾಪನವನ್ನೂ ಮೌಲ್ಯಮಾಪನ ಶಾಸ್ತ್ರದ ವಿದ್ವಾಂಸ ಮೈಕೆಲ್ ಸ್ಕ್ರಿವೆನ್ 1967ರಲ್ಲೇ ಬೇರ್ಪಡಿಸಿ ತೋರಿಸಿದರು. ನಿಮ್ಮದು ಮೊದಲ ಸಲ ನಡೆಯುವ ಕೋರ್ಸ್ ಆದ್ದರಿಂದ ನಿಮಗೆ ಈಗ ಬೇಕಾದದ್ದು ಮೊದಲನೆಯದು. ಐದಾರು ವಾರ ಕಳೆದ ಮೇಲೆ ತರಗತಿಯ ಕೊನೆಯ ಐದು ನಿಮಿಷದಲ್ಲಿ, ಹೆಸರು ಬರೆಯಿಸದೆ, ಇಷ್ಟರವರೆಗೆ ಅರ್ಥವಾಗದೆ ಉಳಿದದ್ದು ಯಾವುದೆಂದು ಚೀಟಿಯಲ್ಲಿ ಕೇಳಿ. ಕನ್ನಡದಲ್ಲಿ ಬರೆಯಲು ಹೇಳಿ, ಇಂಗ್ಲಿಷಿನಲ್ಲಿ ಬರೆಯಬೇಕೆಂದರೆ ಹೆಚ್ಚಿನವರು ‘ಎಲ್ಲ ಅರ್ಥವಾಗಿದೆ’ ಎಂದು ಬರೆದುಬಿಡುತ್ತಾರೆ. ಮುಂದಿನ ತರಗತಿಯಲ್ಲಿ ಆ ಚೀಟಿಗಳಿಗೆ ಉತ್ತರ ಕೊಡಿ. ಕೊಡದಿದ್ದರೆ ಎರಡನೆಯ ಸಲ ಯಾರೂ ಮನಸ್ಸಿಟ್ಟು ಬರೆಯುವುದಿಲ್ಲ.

ಪ್ರಶ್ನೆ: ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆಯ ಕಡತಕ್ಕಾಗಿ ಪ್ರತಿ ಕೋರ್ಸಿನ ಕಲಿಕಾ ಫಲಗಳ (ಕೋರ್ಸ್ ಮುಗಿದಾಗ ವಿದ್ಯಾರ್ಥಿಗೆ ಬರಬೇಕಾದದ್ದು) ಸಾಧನೆಯನ್ನು ಶೇಕಡಾವಾರಿನಲ್ಲಿ ಲೆಕ್ಕ ಹಾಕುತ್ತೇವೆ. ಅದನ್ನು ನಂಬಬಹುದೇ? (ಒಬ್ಬ ಸಹಾಯಕ ಪ್ರಾಧ್ಯಾಪಕರು)

ಉತ್ತರ: ಪ್ರಶ್ನೆಪತ್ರಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಮಾತ್ರ. ‘ಯಾವುದಾದರೂ ಐದಕ್ಕೆ ಉತ್ತರಿಸಿ’ ಎಂಬ ಆಯ್ಕೆ ಇರುವ ಪತ್ರಿಕೆಯಲ್ಲಿ ಕಷ್ಟದ ಘಟಕದ ಪ್ರಶ್ನೆಯನ್ನು ಬಹಳ ಮಂದಿ ಮುಟ್ಟುವುದೇ ಇಲ್ಲ. ಉತ್ತರಿಸಿದ ಕೆಲವರ ಅಂಕಗಳಿಂದ ಮಾತ್ರ ಸರಾಸರಿ ತೆಗೆದಾಗ ಆ ಕಲಿಕಾ ಫಲ ಚೆನ್ನಾಗಿ ಸಾಧನೆಯಾದಂತೆ ಕಾಣುತ್ತದೆ. ಆದ್ದರಿಂದ ಪ್ರತಿ ಶೇಕಡಾವಾರಿನ ಎದುರು, ಆ ಪ್ರಶ್ನೆಯನ್ನು ಎಷ್ಟು ಮಂದಿ ಆಯ್ದುಕೊಂಡರು ಎಂಬ ಕಾಲಂ ಒಂದನ್ನು ಸೇರಿಸಿ. ಆಂತರಿಕ ಪರೀಕ್ಷೆಯಲ್ಲಿ ಪ್ರತಿ ಕಲಿಕಾ ಫಲಕ್ಕೂ ಆಯ್ಕೆಯಿಲ್ಲದ ಒಂದು ಕಿರುಪ್ರಶ್ನೆಯನ್ನಾದರೂ ಕೇಳಿ. ಅಧ್ಯಯನ ಮಂಡಳಿಯ ಮುಂದಿನ ಸಭೆಯಲ್ಲಿ ಪಠ್ಯವನ್ನು ಬದಲಿಸುವ ಚರ್ಚೆ ಬಂದಾಗ ಆ ಪ್ರಶ್ನೆಯ ಉತ್ತರಗಳನ್ನೇ ಮೇಜಿನ ಮೇಲಿಡಿ.