ಹೂವಾಡಗಿತ್ತಿಯನ್ನು ಕೇಳಿದಿರಾ?

ಓದುಗರ ಪತ್ರ: ಮಾನ್ಯ ಸಂಪಾದಕರೇ, ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿ. ಬೀದಿಬದಿಯಲ್ಲಿ ಹೂ ಮಾರುವವರಿಗಾಗಿ ಬ್ಯಾಟರಿಯಿಂದ ನಡೆಯುವ ತಂಪು ಪೆಟ್ಟಿಗೆಯೊಂದನ್ನು ತಯಾರಿಸಿ ಮಾರಬೇಕೆಂದು ನಾವು ನಾಲ್ವರು ಗೆಳತಿಯರು ನಿಶ್ಚಯಿಸಿದ್ದೇವೆ. ಹಾಸ್ಟೆಲಿನ 80 ಮಂದಿ ನಮ್ಮ ಪ್ರಶ್ನಾವಳಿ ತುಂಬಿ ಯೋಚನೆ ಚೆನ್ನಾಗಿದೆ ಎಂದಿದ್ದಾರೆ. ಆದರೂ ನಮ್ಮ ಮಾರ್ಗದರ್ಶಕರು, ವ್ಯಾಪಾರಿಗಳನ್ನು ಮಾತನಾಡಿಸದೆ ವಿನ್ಯಾಸಕ್ಕೆ ಕೈಹಾಕಬೇಡಿ ಎನ್ನುತ್ತಾರೆ. ತೋರಿಸಲು ಕೈಯಲ್ಲಿ ಏನೂ ಇಲ್ಲದೆ ಅವರ ಬಳಿ ಏನೆಂದು ಮಾತನಾಡುವುದು?

ಸಂಪಾದಕರ ಉತ್ತರ: ನಿಮ್ಮ ಮಾರ್ಗದರ್ಶಕರ ಮಾತು ಸರಿ. ಆ 80 ಉತ್ತರಗಳನ್ನು ಪಕ್ಕಕ್ಕಿಡಿ. ಅವು ಬಿಸಿಲಿನಲ್ಲಿ ಬುಟ್ಟಿಯ ಮುಂದೆ ಕುಳಿತವರ ಉತ್ತರಗಳಲ್ಲ, ಗೆಳತಿಯ ಮನಸ್ಸು ನೋಯಿಸಲು ಇಷ್ಟವಿಲ್ಲದವರ ಉತ್ತರಗಳು. ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಕಡಿಮೆ ಬೆಲೆಯ ಸ್ಯಾನಿಟರಿ ಪ್ಯಾಡ್ ರೂಪಿಸುತ್ತಿದ್ದಾಗ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರಿಗೆ ಅಭಿಪ್ರಾಯದ ಹಾಳೆಗಳನ್ನು ಕೊಟ್ಟಿದ್ದರು. ಹೋಗಿ ನೋಡಿದರೆ ಕೆಲವರೇ ಕುಳಿತು ಎಲ್ಲರ ಹಾಳೆಗಳನ್ನೂ ತುಂಬುತ್ತಿದ್ದರಂತೆ. (ಹೊಸ ಅಂಕಣ ಬೇಕೇ ಎಂದು ನಾವು ಕೇಳಿದಾಗಲೆಲ್ಲ ಓದುಗರು ಬೇಕೆಂದೇ ಹೇಳುತ್ತಾರೆ, ಓದುತ್ತಾರೆಯೇ ಎಂಬುದು ಬೇರೆ ಮಾತು.)

ಕೈಯಲ್ಲಿ ಏನೂ ಇಲ್ಲದಿರುವುದು ನಿಮಗೆ ಕೊರತೆಯೆನಿಸಿದೆ, ನನಗೆ ಅದು ಅನುಕೂಲವೆನಿಸುತ್ತದೆ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ತಂಡವೊಂದಕ್ಕೆ, ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳನ್ನು ಬೆಚ್ಚಗಿಡುವ ಅಗ್ಗದ ಇನ್‌ಕ್ಯುಬೇಟರ್ ರೂಪಿಸುವ ಕೆಲಸ ತರಗತಿಯಲ್ಲಿ ಸಿಕ್ಕಿತು. ತಂಡದ ಒಬ್ಬರು ನೇಪಾಳಕ್ಕೆ ಹೋದಾಗ, ಆಸ್ಪತ್ರೆಗೆ ದಾನವಾಗಿ ಬಂದ ಇನ್‌ಕ್ಯುಬೇಟರ್‌ಗಳು ಖಾಲಿಯಿದ್ದುದನ್ನೂ, ಅವುಗಳ ಅಗತ್ಯವಿದ್ದ ಮಕ್ಕಳು ಆಸ್ಪತ್ರೆಯಿಂದ ಬಹುದೂರದ ಹಳ್ಳಿಗಳಲ್ಲಿ ಹುಟ್ಟುತ್ತಿದ್ದುದನ್ನೂ ಕಂಡರು. ಆ ಯಂತ್ರವನ್ನೇ ಅಗ್ಗಗೊಳಿಸಿದ್ದರೆ ಖಾಲಿ ಯಂತ್ರಗಳ ಸಂಖ್ಯೆ ಹೆಚ್ಚುತ್ತಿತ್ತು, ಅಷ್ಟೆ. ತಂಡವು ಅದನ್ನು ಬಿಟ್ಟು, ಮೇಣದಂಥ ವಸ್ತುವಿನ ಶಾಖದಿಂದ ಕೆಲವು ಗಂಟೆಗಳ ಕಾಲ 37 ಡಿಗ್ರಿ ಸೆಲ್ಸಿಯಸ್ ಉಳಿಸಿಕೊಳ್ಳುವ ಪುಟ್ಟ ಚೀಲವನ್ನು ಮಾಡಿತು. ಅದರ ಹೆಸರು ಎಂಬ್ರೇಸ್. ಮುಂದೆ ಅವರು ಬೆಂಗಳೂರಿಗೇ ಬಂದು ಕೆಲಸ ನಡೆಸಿದರು. ಭಾರತದ ತಾಯಿಯೊಬ್ಬರು, ಪಾಶ್ಚಾತ್ಯ ಔಷಧಿಯೆಂದರೆ ತೀರ ಬಲವಾದದ್ದೆಂಬ ನಂಬಿಕೆಯಿಂದ, ಚೀಲವನ್ನು 37 ಡಿಗ್ರಿಗೆ ಬಿಸಿಮಾಡಬೇಕೆಂದು ಹೇಳಿದ್ದರೂ ತಾನು 30ಕ್ಕೇ ನಿಲ್ಲಿಸುವೆನೆಂದರಂತೆ. ಅಂಕಿಯ ಜಾಗದಲ್ಲಿ ಸರಿಯಾಗಿದೆ ಎಂದಷ್ಟೇ ತೋರಿಸುವ ಗುರುತು ಬಂದದ್ದು ಆ ಮಾತಿನಿಂದ. ಪ್ರಯೋಗಾಲಯದಲ್ಲಿ ಎಷ್ಟು ದಿನ ಕುಳಿತಿದ್ದರೂ ಇದು ಹೊಳೆಯುತ್ತಿರಲಿಲ್ಲ.

ಈಗ ನಿಮ್ಮ ಪೆಟ್ಟಿಗೆಯ ವಿಚಾರ. ಇಂಥದ್ದೊಂದು ಬಂದರೆ ಕೊಳ್ಳುವಿರಾ ಎಂದು ಮಾತ್ರ ಕೇಳಬೇಡಿ. ಮಗಳ ವಯಸ್ಸಿನವಳು ಕೇಳಿದರೆ ಬೇಡವೆನ್ನುವ ಹೂವಾಡಗಿತ್ತಿ ಅಪರೂಪ. ಪೆಟ್ಟಿಗೆಯ ಮಾತೆತ್ತದೆ ನಿನ್ನೆಯ ಬಗ್ಗೆ ಕೇಳಿ. ನಿನ್ನೆ ಎಷ್ಟು ಹೂ ತಂದಿರಿ, ರಾತ್ರಿ ಎಷ್ಟು ಉಳಿಯಿತು, ಉಳಿದದ್ದನ್ನು ಏನು ಮಾಡಿದಿರಿ, ಬಾಡದಿರಲೆಂದು ಈವರೆಗೆ ಯಾವುದಕ್ಕಾದರೂ ಹಣ ಖರ್ಚು ಮಾಡಿದ್ದುಂಟೇ? ಒದ್ದೆ ಬಟ್ಟೆ ಮುಚ್ಚಿ ನೀರು ಚಿಮುಕಿಸಿದರೆ ಸಾಕೆನ್ನುವವರಿಗೆ ನಿಮ್ಮ ಪೆಟ್ಟಿಗೆಯ ಎದುರಾಳಿ ಆ ಬಟ್ಟೆಯೇ, ಅದಕ್ಕೆ ಖರ್ಚಿಲ್ಲ. ಸಂಜೆ ಉಳಿದ ಹೂವನ್ನು ಮೊಳಕ್ಕಿಷ್ಟೆಂದು ಇಳಿಸಿ ಮಾರುವವರಿದ್ದರೆ ಅವರ ನಷ್ಟ ಬಾಡುವುದರಲ್ಲಿಲ್ಲ, ಬೆಲೆಯಲ್ಲಿದೆ. ಬೆಳಗಿನ ಹೂವಿಗೆ ಬಡ್ಡಿಸಾಲ ತರುವವರಿದ್ದರೆ ನಷ್ಟ ಹೂವಿನಲ್ಲೇ ಇಲ್ಲ. ಬ್ಯಾಟರಿ ಚಾರ್ಜ್ ಮಾಡುವುದೆಲ್ಲಿ, ರಾತ್ರಿ ಪೆಟ್ಟಿಗೆಯನ್ನು ಯಾರ ಅಂಗಡಿಯಲ್ಲಿ ಇಡುವುದು ಎಂಬುದನ್ನು ಅವರು ಎಲ್ಲಿ ಕೂರುತ್ತಾರೆಂದು ನೋಡಿಯೇ ತಿಳಿಯಬಹುದು.

ನಾಲ್ವರೂ ಒಟ್ಟಿಗೆ ಹೋಗಿ ಸುತ್ತುವರಿದು ನಿಲ್ಲಬೇಡಿ. ಇಬ್ಬರಂತೆ ಹೋಗಿ, ಒಬ್ಬರು ಮಾತನಾಡಲಿ, ಇನ್ನೊಬ್ಬರು ಅವರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಲಿ. ಶುಕ್ರವಾರವೂ ಹಬ್ಬದ ಮುನ್ನಾದಿನವೂ ಬೇಡ, ಆಗ ಅವರಿಗೆ ತಲೆಯೆತ್ತಲೂ ಪುರುಸೊತ್ತಿರುವುದಿಲ್ಲ. ಬೇರೆ ದಿನ, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಎರಡು ಮೊಳ ಹೂ ಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ.