ಹಾಸ್ಟೆಲ್ ಮುಂಭಾಗಕ್ಕೆ ಸೆಟ್‌ಬ್ಯಾಕ್ ವಿನಾಯಿತಿ ಕೇಳಬಹುದಾ?

ನೀವು ಕೇಳಿದ್ದು ಇಷ್ಟು: ಕಲಬುರಗಿಯಲ್ಲಿ ಸೇಡಂ ರಸ್ತೆ ಕಡೆ ನಿಮ್ಮದೊಂದು 40×60 ಪ್ಲಾಟ್ ಇದೆ. ಅಲ್ಲಿ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಕಟ್ಟಬೇಕು. ಕೆಳಗೆ ರಸ್ತೆಗೆ ಮುಖ ಮಾಡಿದ ಖಾನಾವಳಿ, ಮುಂದೆ ಕೂರಲು ಕಟ್ಟೆ, ಮೇಲೆ ಬಾಲ್ಕನಿ. ಮುಂದಿನ ಸೆಟ್‌ಬ್ಯಾಕ್ (ರಸ್ತೆಗೂ ಕಟ್ಟಡಕ್ಕೂ ನಡುವೆ ಖಾಲಿ ಬಿಡಬೇಕಾದ ಜಾಗ) ಪೂರ್ತಿ ಬಿಟ್ಟರೆ ಇದಕ್ಕೆಲ್ಲ ಜಾಗ ಸಾಲುವುದಿಲ್ಲ. ಅಮೆರಿಕದಲ್ಲಿ ಇಂಥದ್ದಕ್ಕೆ ‘ವೇರಿಯನ್ಸ್’ ಅಂತ ನಿಯಮದಿಂದ ವಿನಾಯಿತಿ ಕೊಡ್ತಾರಂತೆ, ನಮ್ಮಲ್ಲೂ ಕೇಳಬಹುದಾ?

ಕೇಳೋದಕ್ಕೇನು, ಕೇಳಬಹುದು. ಆದರೆ ‘ಮುಂಭಾಗ ಚೆನ್ನಾಗಿ ಕಾಣಬೇಕು, ಅದಕ್ಕೆ ಜಾಗ ಬೇಕು’ ಅಂತ ಕೇಳಿದರೆ ಸಿಗುವುದಿಲ್ಲ. ನಾನು ಕೇಳದೆಯೇ ಕಟ್ಟಿ ಕೈ ಸುಟ್ಟುಕೊಂಡವನು. ಅದನ್ನೇ ಮೊದಲು ಹೇಳ್ತೀನಿ.

ಗುಲಬರ್ಗಾ ವಿಶ್ವವಿದ್ಯಾಲಯದ ಕಡೆ ನಮ್ಮಪ್ಪ ಯಾವಾಗಲೋ ತೆಗೆದಿಟ್ಟಿದ್ದ ಪ್ಲಾಟ್‌ನಲ್ಲಿ 14 ರೂಮಿನ ಹಾಸ್ಟೆಲ್ ಕಟ್ಟಿಸಿದೆ. ಕಟ್ಟಡದ ಮುಖ ಪಶ್ಚಿಮಕ್ಕೆ. ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ನಮ್ಮೂರಲ್ಲಿ ಪಶ್ಚಿಮದ ಗೋಡೆ ಮುಟ್ಟಿ ನೋಡಿದವರಿಗೆ ಮುಂದಿನದು ಅರ್ಥವಾಗುತ್ತೆ. ನೆರಳಿಗೆಂದು ಮುಂದೆ ನಾಲ್ಕು ಕಂಬ ನಿಲ್ಲಿಸಿ ಸ್ಲ್ಯಾಬ್ ಹಾಕಿಸಿದೆ. ಅದರ ಕೆಳಗೆ ಶಹಾಬಾದ್ ಫರಸಿ ಹಾಸಿ ಉದ್ದಕ್ಕೊಂದು ಕಟ್ಟೆ. ಮಂಜೂರಾದ ನಕ್ಷೆಯಲ್ಲಿ ಇದ್ಯಾವುದೂ ಇರಲಿಲ್ಲ. ಗುತ್ತಿಗೆದಾರ, ‘ಎಲ್ಲಾರೂ ಹಾಕ್ತಾರ್ರೀ, ಆಮ್ಯಾಲ ಅಕ್ರಮ-ಸಕ್ರಮದಾಗ ಸರಿ ಮಾಡಿಸ್ಕೊಂಡ್ರಾತು’ ಅಂದ. ನಾನೂ ಹೂಂ ಅಂದೆ.

ನೋಟಿಸ್ ಬಂತು. ಟೇಪ್ ಹಿಡಿದು ಬಂದವರು ಮೊದಲು ಅಳೆದದ್ದು ನನ್ನ ಕಂಬಗಳನ್ನಲ್ಲ, ರಸ್ತೆಯನ್ನು. ಈ ಕಡೆ ಗಟಾರದಿಂದ ಆ ಕಡೆ ಗಟಾರದವರೆಗೆ. ಲೇಔಟ್ ನಕ್ಷೆಯಲ್ಲಿ 12 ಮೀಟರ್ ಇದ್ದ ರಸ್ತೆ ನೆಲದ ಮೇಲೆ 9 ಮೀಟರ್ ಮಾತ್ರ ಉಳಿದಿತ್ತು. ಒಬ್ಬೊಬ್ಬರು ಒಂದೊಂದು ಮೆಟ್ಟಿಲು, ಒಂದೊಂದು ಇಳಿಜಾರು ಮುಂದೆ ತಂದಿದ್ದೆವು. ಕೊನೆಗೆ ನನ್ನ ಕಂಬಗಳನ್ನು ನಾನೇ ಒಡೆಸಿದೆ. ಎರಡು ದಿನ ಬ್ರೇಕರ್ ಮಷಿನ್ ಗುಡುಗಿತು. ಒಳಗೆ ಹುಡುಗರಿಗೆ ಪರೀಕ್ಷೆ. ಕಬ್ಬಿಣದ ಸರಳುಗಳನ್ನು ಫರಸಿ ಮಟ್ಟಕ್ಕೆ ಕತ್ತರಿಸಿದ ನಾಲ್ಕು ಕಡೆ ಇವತ್ತಿಗೂ ತುಕ್ಕಿನ ಕಲೆ ಇದೆ. ಆಸಿಡ್ ಹಾಕಿ ತಿಕ್ಕಿದರೂ ಹೋಗಿಲ್ಲ.

ಈಗ ಆ ಅಕ್ರಮ-ಸಕ್ರಮದ ಮಾತು. ನಿಮಗೂ ಯಾರಾದರೂ ಹೇಳೇ ಹೇಳ್ತಾರೆ. ಅಕ್ರಮವಾಗಿ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ನಿಯಮ ಬಂದದ್ದು 2014ರಲ್ಲಿ. ಅದು 2013ರ ಅಕ್ಟೋಬರ್ 19ಕ್ಕಿಂತ ಮೊದಲು ಕಟ್ಟಿದ್ದಕ್ಕೆ ಮಾತ್ರ. ವಾಸದ ಕಟ್ಟಡವಾದರೆ ಶೇ 50, ಉಳಿದವಾದರೆ ಶೇ 25ರಷ್ಟು ಉಲ್ಲಂಘನೆವರೆಗೆ. ಅದಕ್ಕೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹೊಸ ಕಟ್ಟಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದರ ಮೇಲೆ, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ, ಕಟ್ಟಡ ನಕ್ಷೆಯಂತೆ ಮುಗಿದಿದೆ ಎಂಬ ಪ್ರಮಾಣಪತ್ರ ನೋಡಿಯೇ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದು ಹೇಳಿದೆ. ಕರೆಂಟಿಲ್ಲದ ಹಾಸ್ಟೆಲ್‌ಗೆ ಯಾರು ಬರ್ತಾರೆ ಹೇಳಿ.

ಇನ್ನು ಅಮೆರಿಕದ ವಿಚಾರ. ನೀವು ಓದಿದ್ದು ನಿಜ, ಆದರೆ ಉಲ್ಟಾ ಹಿಡಿದಿದ್ದೀರಿ. ಅಲ್ಲಿ ಎಷ್ಟೋ ಊರುಗಳಲ್ಲಿ ಪೇಟೆ ಬೀದಿಯ ಕಟ್ಟಡ ರಸ್ತೆಗೆ ಹತ್ತಿರ ಬರಲೇಬೇಕು. ಕೆಳ ಅಂತಸ್ತಿನಲ್ಲಿ ಇಂತಿಷ್ಟು ಗಾಜು ಇರಲೇಬೇಕು, ಬಾಗಿಲು ಬೀದಿಗೇ ತೆರೆಯಬೇಕು. ವಿದ್ಯಾರ್ಥಿಗಳ ವಸತಿ ಕಟ್ಟುವವರಿಗೆ ಕೆಳಗೆ ಪಾರ್ಕಿಂಗ್ ಬೇಕು, ರೂಮು ಬೇಕು. ಅದಕ್ಕೆ ‘ಅಂಗಡಿ, ಗಾಜು ಬೇಡ, ಬಿಟ್ಟುಬಿಡಿ’ ಅಂತ ವಿನಾಯಿತಿ ಕೇಳ್ತಾರೆ. ನಾವು ಇಲ್ಲಿ ‘ಮುಂದೆ ಬರ್ತೀವಿ, ಬಿಡಿ’ ಅಂತಿದ್ದೇವೆ. ಅಲ್ಲೂ ಸುಮ್ನೆ ಕೊಡಲ್ಲ. ಒಂದು ಮಂಡಳಿ ನೆರೆಯವರ ಎದುರೇ ವಿಚಾರಣೆ ಮಾಡುತ್ತೆ. ಜಾಗದಲ್ಲೇ ತೊಡಕಿದೆಯಾ, ಅಥವಾ ನೀವೇ ತಂದುಕೊಂಡ ತೊಡಕಾ ಅಂತ ನೋಡ್ತಾರೆ. ನಿವೇಶನ ಸೊಟ್ಟ, ಮಧ್ಯೆ ಹಳ್ಳ, ಇಂಥದ್ದಕ್ಕೆ ಬೆಲೆ. ಬಾಡಿಗೆ ಕಡಿಮೆ ಬರುತ್ತೆ ಅನ್ನೋದಕ್ಕೆ ಬೆಲೆ ಇಲ್ಲ.

ನಮ್ಮಲ್ಲಿ ನೀವು ಮೊದಲು ನೋಡಬೇಕಾದ್ದು ಮಹಾಯೋಜನೆಯ (ಮಾಸ್ಟರ್ ಪ್ಲಾನ್) ವಲಯ ನಿಯಮಾವಳಿ, ಅಂದರೆ ಊರಿನ ಯಾವ ಭಾಗದಲ್ಲಿ ಏನು ಕಟ್ಟಬಹುದು ಅನ್ನೋ ನಿಯಮ. ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಸಿಗುತ್ತೆ. ಪ್ರತಿ ವಲಯಕ್ಕೂ ಎರಡು ಪಟ್ಟಿ ಇರುತ್ತವೆ: ನೇರವಾಗಿ ಬಿಡುವ ಬಳಕೆಗಳು, ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಒಪ್ಪಿದರೆ ಬಿಡುವ ಬಳಕೆಗಳು. ಹಾಸ್ಟೆಲ್ ಯಾವ ಪಟ್ಟಿಯಲ್ಲಿದೆ, ಖಾನಾವಳಿ ಯಾವುದರಲ್ಲಿದೆ, ಬೇರೆಬೇರೆಯಾಗಿ ನೋಡಿ. ಎರಡನೆಯದರಲ್ಲಿದ್ದರೆ ಅರ್ಜಿ ಹಾಕಿ ಕೇಳುವುದು ನಿಮ್ಮ ಹಕ್ಕು. ಎರಡರಲ್ಲೂ ಇಲ್ಲದಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಂ ಪ್ರಕಾರ ಭೂಬಳಕೆ ಬದಲಾವಣೆ. ಪತ್ರಿಕೆಯಲ್ಲಿ ಪ್ರಕಟಣೆ, ಜನರ ಆಕ್ಷೇಪಣೆ, ಸರ್ಕಾರದ ಒಪ್ಪಿಗೆ, ದೊಡ್ಡ ದಾರಿ. ಅದೂ ಬಳಕೆಗೆ ಮಾತ್ರ, ಸೆಟ್‌ಬ್ಯಾಕ್‌ಗೆ ಅದು ಮದ್ದಲ್ಲ. ಒಂದು ಖಾನಾವಳಿಗೋಸ್ಕರ ನಾನಂತೂ ಅಷ್ಟು ಓಡಾಡಲ್ಲ.

ಅದರ ಬದಲು ನಕ್ಷೆಯನ್ನೇ ತಿರುಗಿಸಿ. ನಾನು ಕಂಬ ಒಡೆಸಿದ ಮೇಲೆ ಮಾಡಿದ್ದು ಅದನ್ನೇ. ಮೊದಲ ರೂಮಿನ ಮುಂದಿನ ಗೋಡೆ ತೆಗೆಸಿ ಕಟ್ಟೆಯನ್ನು ಒಳಕ್ಕೆ ಎಳೆದುಕೊಂಡೆ. ಹೀಗೆ ಅದು ಮೇಲಿನ ರೂಮಿನ ಕೆಳಗೇ, ಕಟ್ಟಡದ ಗೆರೆಯ ಒಳಗೇ ಬಂತು, ನಮ್ಮ ಹಳೆ ಮನೆಗಳ ಪಡಸಾಲೆ ಹಾಗೆ. ಒಂದು ರೂಮಿನ ಬಾಡಿಗೆ ಹೋಯ್ತು, ನಿಜ. ಆದರೆ ಸಂಜೆ ಆರಕ್ಕೆ ಹುಡುಗರೆಲ್ಲ ಅಲ್ಲೇ. ಒಬ್ಬ ನೋಟ್ಸ್ ಓದ್ತಾನೆ, ಇಬ್ಬರು ಸುಸಲಾ-ಮಿರ್ಚಿ ಪೊಟ್ಟಣ ಬಿಚ್ಚಿರ್ತಾರೆ. ರೂಮ್ ನೋಡಲು ಬಂದ ತಂದೆತಾಯಿ ಮೊದಲು ಕೂರುವುದೂ ಆ ಫರಸಿ ಮೇಲೇ. ಪಶ್ಚಿಮದ ಕಿಟಕಿಗಳಿಗೆ ನಿಯಮ ಬಿಡುವಷ್ಟೇ ಸಜ್ಜಾ, ಜೊತೆಗೆ ಗಾಳಿಯಾಡುವ ತೂತಿನ ಜಾಲಿ ಪರದೆ. ಖಾಲಿ ಬಿಟ್ಟ ಸೆಟ್‌ಬ್ಯಾಕ್‌ನಲ್ಲಿ ಒಂದು ಬೇವಿನ ಗಿಡ. ನಾಲ್ಕು ಕಂಬ ಕೊಡದ ನೆರಳನ್ನು ಈಗ ಅದು ಕೊಡ್ತಿದೆ.

ನಿಮ್ಮ ಪ್ಲಾಟ್‌ಗೆ ಒಂದೇ ಕಡೆ ರಸ್ತೆಯಾ, ಮೂಲೆ ಪ್ಲಾಟಾ? ಮೂಲೆಯದಾದರೆ ಎರಡು ಕಡೆಯೂ ರಸ್ತೆಯ ಲೆಕ್ಕಕ್ಕೆ ಬರಬಹುದು, ಆಗ ಜಾಗ ಇನ್ನೂ ಕಡಿಮೆ. ನಕ್ಷೆ ಬರೆಸುವ ಮೊದಲು ಒಂದು ಬೆಳಿಗ್ಗೆ ಟೇಪ್ ತಗೊಂಡು ಹೋಗಿ ರಸ್ತೆ ಅಳೆದು, ಲೇಔಟ್ ನಕ್ಷೆಯ ಅಳತೆ ಜೊತೆಗೆ ಇಲ್ಲೇ ಬರೆಯಿರಿ. ನೋಡಿ ಹೇಳ್ತೀನಿ.